ಮೋಸದ ವ್ಯಾಪಾರ ಮತ್ತು ರಾಜ್ಯದ ಹೊಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆಂದು ಬಂದ ಪತ್ರಗಳಲ್ಲಿ ಹೆಚ್ಚಿನವು ಸುಳ್ಳು ಜಾಹೀರಾತು, ಏಕಪಕ್ಷೀಯ ಷರತ್ತು ಮತ್ತು ಮಾತು ಕೊಟ್ಟು ಕೈಬಿಟ್ಟ ವ್ಯಾಪಾರಿಗಳ ಕುರಿತಾಗಿವೆ. ಕಾನೂನಿನಲ್ಲಿ ಈಗ ಏನಿದೆ ಎಂಬುದರ ಜೊತೆಗೆ, ರಾಜ್ಯದ ಮಟ್ಟದಲ್ಲಿ ಏನು ಇಲ್ಲ ಎಂಬುದನ್ನೂ ಹಲವರು ಕೇಳಿದ್ದಾರೆ. ಆಯ್ದ ಪತ್ರಗಳ ಸಾರವನ್ನು ಉತ್ತರಗಳೊಂದಿಗೆ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ಮಗನನ್ನು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರವೊಂದಕ್ಕೆ ಸೇರಿಸಿದೆ. ಕೇಂದ್ರದ ಮುಂದಿನ ಫ್ಲೆಕ್ಸ್‌ನಲ್ಲಿ ಆಯ್ಕೆಯಾದವರ ಸಾಲು ಸಾಲು ಫೋಟೊಗಳಿದ್ದವು. ಅವರಲ್ಲಿ ಕೆಲವರು ಅಲ್ಲಿಗೆ ಬಂದದ್ದು ಉಚಿತ ಅಣಕು ಸಂದರ್ಶನಕ್ಕೆ ಮಾತ್ರ ಎಂಬುದು ಆಮೇಲೆ ತಿಳಿಯಿತು. ಶುಲ್ಕ ವಾಪಸ್ ಕೇಳಿದರೆ, ಕಟ್ಟಿದ ಹಣ ಯಾವ ಕಾರಣಕ್ಕೂ ಮರಳದು ಎಂದು ರಸೀದಿಯ ಹಿಂದೆ ಮುದ್ರಿಸಿರುವುದನ್ನು ತೋರಿಸುತ್ತಾರೆ. (ಓದುಗರೊಬ್ಬರು, ಧಾರವಾಡ)

ಉತ್ತರ: ನಿಮಗೆ ಆಗಿರುವುದನ್ನು ಕಾನೂನು ‘ದಾರಿತಪ್ಪಿಸುವ ಜಾಹೀರಾತು’ ಎಂದೇ ಗುರುತಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್ 13ರಂದು ತರಬೇತಿ ಕ್ಷೇತ್ರಕ್ಕಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ, ಅಭ್ಯರ್ಥಿ ಆಯ್ಕೆಯಾದ ನಂತರ ಅವರಿಂದ ಲಿಖಿತ ಒಪ್ಪಿಗೆ ಪಡೆಯದೆ ಅವರ ಹೆಸರನ್ನಾಗಲಿ ಫೋಟೊವನ್ನಾಗಲಿ ಬಳಸುವಂತಿಲ್ಲ. ಅವರ ರ‍್ಯಾಂಕ್, ಅವರು ಓದಿದ ಕೋರ್ಸ್ ಯಾವುದು, ಅದು ಎಷ್ಟು ಅವಧಿಯದು, ಅದಕ್ಕೆ ಶುಲ್ಕ ಕಟ್ಟಿದ್ದರೋ ಇಲ್ಲವೋ ಎಂಬುದನ್ನು ಜಾಹೀರಾತಿನಲ್ಲೇ ಹೇಳಬೇಕು. ಅಣಕು ಸಂದರ್ಶನಕ್ಕೆ ಒಂದು ದಿನ ಬಂದು ಹೋದವರನ್ನು ಇಡೀ ತರಬೇತಿಯ ಫಲವೆಂದು ತೋರಿಸುವ ಚಾಳಿಯನ್ನು ತಡೆಯುವುದೇ ಈ ನಿಯಮದ ಗುರಿಯಾಗಿದೆ. ಇದಕ್ಕೂ ಮೊದಲು, 2022ರ ಜೂನ್‌ನಲ್ಲಿ ಬಂದ ಸಾಮಾನ್ಯ ಮಾರ್ಗಸೂಚಿಯು ಜಾಹೀರಾತಿನ ಷರತ್ತುಗಳು ಮುಖ್ಯ ಹೇಳಿಕೆಯ ಭಾಷೆಯಲ್ಲೇ, ಅದೇ ಅಕ್ಷರಶೈಲಿಯಲ್ಲೇ ಇರಬೇಕು ಎಂದಿದೆ. ಆದ್ದರಿಂದ ಭರವಸೆಯನ್ನು ಕನ್ನಡದ ದಪ್ಪಕ್ಷರದಲ್ಲಿ ಬರೆದು, ಷರತ್ತನ್ನು ಇಂಗ್ಲಿಷಿನ ಇರುವೆಸಾಲಿನಲ್ಲಿ ಅಡಗಿಸುವುದೂ ತಪ್ಪೇ.

ರಸೀದಿಯ ಹಿಂದಿನ ಆ ಒಂದು ಸಾಲಿಗೆ ನೀವು ಹೆದರಬೇಕಿಲ್ಲ. ಕಟ್ಟಡ ನಿರ್ಮಾಣ ಸಂಸ್ಥೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲೇ, ಗ್ರಾಹಕನಿಗೆ ಬೇರೆ ದಾರಿಯಿಲ್ಲದೆ ಸಹಿ ಹಾಕಿಸಿಕೊಂಡ ಏಕಪಕ್ಷೀಯ ಷರತ್ತುಗಳು ಅನುಚಿತ ವ್ಯಾಪಾರ ಪದ್ಧತಿಯಾಗುತ್ತವೆ ಎಂದು ಹೇಳಿದೆ. ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ದೂರು ಕೊಡಿ. ಕಟ್ಟಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ಫ್ಲೆಕ್ಸ್ ಇನ್ನೂ ಅಲ್ಲೇ ಇದ್ದರೆ, ಕೇಂದ್ರದ ನಾಮಫಲಕವೂ ಕಾಣುವಂತೆ ಇಂದೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ದೂರು ದಾಖಲಾದ ಮರುದಿನ ಅದು ಅಲ್ಲಿರುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಾನು ಓದಿರುವ ಬಹುಪಾಲು ದೂರುಗಳಲ್ಲಿ ಕೊನೆಯ ಕೋರಿಕೆ ಹಣ ಮತ್ತು ಪರಿಹಾರಕ್ಕೇ ನಿಂತುಬಿಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಅಡಿಯಲ್ಲಿ ಜಿಲ್ಲಾ ಆಯೋಗವು ಆ ಪದ್ಧತಿಯನ್ನೇ ನಿಲ್ಲಿಸುವಂತೆ ಆದೇಶಿಸಬಹುದು. ಜಾಹೀರಾತು ಕೊಟ್ಟವರ ಖರ್ಚಿನಲ್ಲೇ ತಿದ್ದುಪಡಿ ಜಾಹೀರಾತು ಪ್ರಕಟಿಸುವಂತೆಯೂ ಹೇಳಬಹುದು. ನಿಮ್ಮ ಕೋರಿಕೆಯಲ್ಲಿ ಈ ಎರಡನ್ನೂ ಸೇರಿಸಿ. ನಿಮ್ಮ ಶುಲ್ಕ ಮಾತ್ರ ಮರಳಿ ಬಂದು, ಆ ಫ್ಲೆಕ್ಸ್ ಮುಂದಿನ ಬ್ಯಾಚಿನ ಪೋಷಕರಿಗಾಗಿ ಅಲ್ಲೇ ಕಾದು ನಿಂತರೆ ನಿಮ್ಮ ಗೆಲುವು ಅರ್ಧ ಮಾತ್ರ.

ಪ್ರಶ್ನೆ: ಹೆಸರಾಂತ ತಳಿ ಎಂದು ಹೇಳಿ ಕೊಟ್ಟ ಗೋವಿನಜೋಳದ ಬೀಜ ಬಿತ್ತಿದೆವು. ದಂಟು ಎದೆಮಟ್ಟ ಬೆಳೆಯಿತು, ತೆನೆಯಲ್ಲಿ ಕಾಳು ಕಟ್ಟಲಿಲ್ಲ. ಬೀಜದ ಮಾದರಿ ತಂದು ತೋರಿಸಿ ಎನ್ನುತ್ತಾರೆ. ತಂದ ಬೀಜವನ್ನೆಲ್ಲ ಹೊಲಕ್ಕೆ ಹಾಕಿದ ಮೇಲೆ ಮಾದರಿ ಎಲ್ಲಿಂದ ತರುವುದು? ಅಲ್ಲದೆ, ರೈತರು ಗ್ರಾಹಕರೇ ಅಲ್ಲ ಎಂದೂ ವಾದಿಸುತ್ತಾರೆ. (ರೈತರೊಬ್ಬರು, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ಈ ಎರಡೂ ವಾದಗಳನ್ನು ಸುಪ್ರೀಂ ಕೋರ್ಟ್ 2012ರಲ್ಲೇ ತಳ್ಳಿಹಾಕಿದೆ. ರಾಷ್ಟ್ರೀಯ ಬೀಜ ನಿಗಮ ಹಾಗೂ ಆಂಧ್ರದ ರೈತರ ನಡುವಿನ ಪ್ರಕರಣದಲ್ಲಿ, ಬಿತ್ತನೆಗೆ ಬೀಜ ಕೊಳ್ಳುವ ರೈತ ಗ್ರಾಹಕನೇ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಮುಂದೊಂದು ದಿನ ಪರೀಕ್ಷೆಗೆ ಬೇಕಾದೀತೆಂದು ರೈತ ಬೀಜದಲ್ಲಿ ಒಂದಿಷ್ಟು ಎತ್ತಿಡಬೇಕೆಂದು ನಿರೀಕ್ಷಿಸುವುದು ಸಲ್ಲದು, ಬೇಕಿದ್ದರೆ ಮಾರಾಟಗಾರರೇ ಅದೇ ಲಾಟಿನ ಬೀಜವನ್ನು ಪರೀಕ್ಷೆಗೆ ಒಪ್ಪಿಸಬಹುದಿತ್ತು ಎಂಬುದು ಆ ತೀರ್ಪಿನ ತಿರುಳು.

ಬೆಳೆ ಹೊಲದಲ್ಲಿ ನಿಂತಿರುವಾಗಲೇ ನೀವು ಕೆಲಸ ಶುರುಮಾಡಬೇಕು. ರೈತ ಸಂಪರ್ಕ ಕೇಂದ್ರಕ್ಕೂ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೂ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಹೊಲಕ್ಕೆ ಬಂದು ಪಂಚನಾಮೆ ಮಾಡುವಂತೆ ಒತ್ತಾಯಿಸಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಂದ ವರದಿ ಸಿಕ್ಕರೆ ಅದಕ್ಕೆ ಹೆಚ್ಚಿನ ತೂಕವಿರುತ್ತದೆ. ಬೀಜದ ಖಾಲಿ ಚೀಲವನ್ನು ದಯವಿಟ್ಟು ಎಸೆಯಬೇಡಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಅದರ ಮೇಲೆ ಹೊಲಿದಿರುವ ಚೀಟಿಯಲ್ಲಿ ತಳಿಯ ಹೆಸರು, ಲಾಟ್ ನಂಬರ್, ಮೊಳಕೆ ಪ್ರಮಾಣ, ಅವಧಿ ಎಲ್ಲವೂ ಇರುತ್ತವೆ. ಅಂಗಡಿಯ ಬಿಲ್ಲಿನಲ್ಲಿ ಅದೇ ಲಾಟ್ ನಂಬರ್ ಬರೆಸಿಕೊಂಡಿದ್ದರೆ ನಿಮ್ಮ ದೂರಿನ ಅರ್ಧ ಸಾಕ್ಷ್ಯ ಅಲ್ಲೇ ಸಿದ್ಧವಾಗಿರುತ್ತದೆ. ಬಿಲ್ಲನ್ನೇ ಕೊಡದಿದ್ದರೆ, ಹಾಗೆ ಕೊಡದಿರುವುದು 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ ಆಗಿರುವುದರಿಂದ ಅದನ್ನೂ ದೂರಿನಲ್ಲಿ ಬರೆಯಿರಿ.

ಆದರೆ ಒಂದು ಲಾಟ್ ಬೀಜ ಕೆಟ್ಟಿದ್ದರೆ ಕೆಡುವುದು ಒಬ್ಬರ ಹೊಲವಲ್ಲ, ಹತ್ತಾರು ಹಳ್ಳಿಗಳ ಹೊಲಗಳು. ಪ್ರತಿಯೊಬ್ಬ ರೈತನೂ ಪ್ರತ್ಯೇಕವಾಗಿ ಹಾವೇರಿಯ ಆಯೋಗಕ್ಕೆ ಅಲೆಯಬೇಕೆಂಬುದು ನ್ಯಾಯವಲ್ಲ. ಒಂದೇ ಹಿತಾಸಕ್ತಿಯ ಹಲವರ ಪರವಾಗಿ ಒಬ್ಬರೇ ಆಯೋಗದ ಅನುಮತಿ ಪಡೆದು ದೂರು ಕೊಡಲು 35ನೇ ಕಲಂನಲ್ಲಿ ಅವಕಾಶವಿದೆ. ಅದೇ ಕಲಂ ರಾಜ್ಯ ಸರ್ಕಾರಕ್ಕೂ ದೂರುದಾರನಾಗುವ ಅಧಿಕಾರ ಕೊಟ್ಟಿದೆ. ಈ ಅಧಿಕಾರದ ಬಗ್ಗೆ ಮುಂದಿನ ಉತ್ತರವೊಂದರಲ್ಲಿ ವಿವರವಾಗಿ ಬರೆದಿದ್ದೇನೆ.

ಪ್ರಶ್ನೆ: ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಮುದ್ರಿಸುವುದು ಸರಿಯೇ? (ಶಿವಮೊಗ್ಗ)

ಉತ್ತರ: ಸರಕಿನಲ್ಲಿ ದೋಷವಿದ್ದರೆ ಆ ಸಾಲಿಗೆ ಬೆಲೆಯಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ದೋಷಯುಕ್ತ ವಸ್ತುವನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಕಾಯ್ದೆಯ ವ್ಯಾಖ್ಯೆಯಲ್ಲೇ ಅನುಚಿತ ವ್ಯಾಪಾರ ಪದ್ಧತಿ ಎನಿಸಿದೆ. ವಸ್ತು ಸರಿಯಿದ್ದು, ಬಣ್ಣ ಹಿಡಿಸಲಿಲ್ಲ ಎಂಬಂಥ ಕಾರಣಕ್ಕೆ ಮರಳಿಸುವ ಹಕ್ಕು ಇದರಿಂದ ಬರುವುದಿಲ್ಲ.

ಪ್ರಶ್ನೆ: ಮೊಬೈಲ್ ಆ್ಯಪ್ ಒಂದು ಮೊದಲ ವಾರ ಉಚಿತ ಎಂದಿತು. ಅಮ್ಮ ಒತ್ತಿದರು. ಈಗ ಪ್ರತಿ ತಿಂಗಳೂ ಅವರ ಖಾತೆಯಿಂದ ಹಣ ಹೋಗುತ್ತಿದೆ. ರದ್ದು ಮಾಡುವ ಗುಂಡಿ ಎಲ್ಲಿದೆಯೆಂದೇ ಸಿಗುತ್ತಿಲ್ಲ. (ಬೆಂಗಳೂರು)

ಉತ್ತರ: ಸೇರುವುದನ್ನು ಸುಲಭ ಮಾಡಿ, ಬಿಡುವುದನ್ನು ಕಷ್ಟ ಮಾಡುವ ಈ ತಂತ್ರವು 2023ರ ನವೆಂಬರ್ 30ರಂದು ಹೊರಬಂದ ಡಾರ್ಕ್ ಪ್ಯಾಟರ್ನ್ (ಆ್ಯಪ್, ಜಾಲತಾಣಗಳಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ ವಿನ್ಯಾಸ) ತಡೆ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿರುವ 13 ಬಗೆಗಳಲ್ಲಿ ಒಂದು. ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ಆ ಸ್ವಯಂಚಾಲಿತ ಪಾವತಿಯ ಅನುಮತಿಯನ್ನು ರದ್ದುಗೊಳಿಸಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಖಾತೆದಾರರಿಗೆ ಸೂಚನೆ ಬರಬೇಕು. ಅಮ್ಮನ ಫೋನಿಗೆ ಅದು ಬಂದಿತ್ತೇ ಎಂದು ನೋಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದಕ್ಕೆ ತೀರ್ಪು ಕೊಡುವ ಅಧಿಕಾರವಿಲ್ಲದಿದ್ದರೂ, ಸಣ್ಣ ಮೊತ್ತದ ದೂರುಗಳಿಗೆ ಎಷ್ಟೋ ಸಲ ಅಲ್ಲೇ ಪರಿಹಾರ ಸಿಗುತ್ತದೆ.

ಪ್ರಶ್ನೆ: ಚಿನ್ನದಂಗಡಿಯೊಂದರಲ್ಲಿ ತಿಂಗಳ ಕಂತು ಕಟ್ಟುತ್ತಿದ್ದೆವು. ಹನ್ನೊಂದು ಕಂತು ನಿಮ್ಮದು, ಹನ್ನೆರಡನೆಯದು ನಮ್ಮದು ಎಂಬುದು ಅವರ ಮಾತಾಗಿತ್ತು. ಅಂಗಡಿಗೆ ಬೀಗ ಬಿದ್ದಿದೆ. ನಮ್ಮ ಓಣಿಯ ಅನೇಕ ಹೆಣ್ಣುಮಕ್ಕಳ ಹಣ ಹೋಗಿದೆ. (ಕಲಬುರಗಿ)

ಉತ್ತರ: ನಿಮ್ಮ ಪತ್ರದ ಜೊತೆಗಿದ್ದ ಕಂತಿನ ಪುಸ್ತಕದ ಪ್ರತಿಯನ್ನು ನೋಡಿದೆ. ಪ್ರತಿ ಕಂತಿನ ಎದುರೂ ಅಂಗಡಿಯ ರಬ್ಬರ್ ಸ್ಟ್ಯಾಂಪ್ ಇದೆ, ತಾರೀಖು ಇದೆ. ಆ ಪುಸ್ತಕದ ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಪೊಲೀಸರಿಗೂ ನಕಲು ಕೊಟ್ಟು ಮೂಲವನ್ನು ತೋರಿಸಿದರೆ ಸಾಕು, ತನಿಖೆಗೆ ಮೂಲವೇ ಬೇಕೆಂದರೆ ಲಿಖಿತ ಸ್ವೀಕೃತಿ ಪಡೆದುಕೊಳ್ಳಿ.

ಹನ್ನೊಂದೇ ಕಂತು ಏಕೆ ಎಂಬುದಕ್ಕೂ ಕಾನೂನಿನಲ್ಲಿ ಕಾರಣವಿದೆ. ಕಂಪನಿಗಳಿಗೆ ಅನ್ವಯಿಸುವ 2014ರ ಠೇವಣಿ ನಿಯಮಗಳ ಪ್ರಕಾರ, ಸರಕಿಗಾಗಿ ಪಡೆದ ಮುಂಗಡಕ್ಕೆ 365 ದಿನಗಳೊಳಗೆ ಸರಕು ಕೊಟ್ಟು ಲೆಕ್ಕ ಮುಗಿಸಬೇಕು. ಇಲ್ಲವಾದರೆ ಅದು ಠೇವಣಿಯಾಗಿಬಿಡುತ್ತದೆ. ನಿಯಮ ಪಾಲಿಸುವ ಅಂಗಡಿಗಳು ಯೋಜನೆಯನ್ನು ವರ್ಷದೊಳಗೆ ಮುಗಿಸುವುದು ಇದರಿಂದಾಗಿ. ನಿಮ್ಮ ಅಂಗಡಿಯವರು ಒಂದು ಯೋಜನೆ ಮುಗಿದೊಡನೆ ಚಿನ್ನ ಕೊಡದೆ, ಅದೇ ಹಣವನ್ನು ಮುಂದಿನ ಯೋಜನೆಗೆ ಜಮಾ ಮಾಡಿಕೊಂಡಿರುವುದು ಪುಸ್ತಕದಲ್ಲೇ ಕಾಣುತ್ತದೆ. ಹೆಣ್ಣುಮಕ್ಕಳು ನಂಬಿ ಸುಮ್ಮನಿದ್ದರು, ಮೋಸ ಬೆಳೆದದ್ದು ಅಲ್ಲೇ.

ನಿಮಗೆ ನೆರವಾಗುವ ಪ್ರಮುಖ ಕಾನೂನು ರಾಜ್ಯದ್ದೇ ಆಗಿದೆ. ಹಣಕಾಸು ಸಂಸ್ಥೆಗಳಲ್ಲಿ ಠೇವಣಿದಾರರ ಹಿತಾಸಕ್ತಿಯನ್ನು ಕಾಪಾಡಲು ಕರ್ನಾಟಕವು 2004ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಹಣ ಮರಳಿಸದವರ ಆಸ್ತಿಯನ್ನು ಸರ್ಕಾರವೇ ಜಫ್ತಿ ಮಾಡಿಸಿ, ಸಕ್ಷಮ ಪ್ರಾಧಿಕಾರಿಯನ್ನು ನೇಮಿಸಿ, ವಿಶೇಷ ನ್ಯಾಯಾಲಯದ ಮೂಲಕ ಎಲ್ಲ ಠೇವಣಿದಾರರಿಗೂ ಹಂಚುವ ವ್ಯವಸ್ಥೆ ಅದರಲ್ಲಿದೆ. 2019ರಲ್ಲಿ ಬೆಂಗಳೂರಿನ ಐಎಂಎ ಹಗರಣದಲ್ಲಿ ಸಾವಿರಾರು ಕುಟುಂಬಗಳ ಪರವಾಗಿ ಬಳಕೆಯಾದದ್ದು ಇದೇ ಕಾಯ್ದೆ. ಅದೇ ವರ್ಷ ಸಂಸತ್ತು ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆಯನ್ನೂ ತಂದಿತು. ನೀವೆಲ್ಲ ಸೇರಿ ಒಂದೇ ದೂರನ್ನು ಪೊಲೀಸ್ ಠಾಣೆಗೆ ಕೊಟ್ಟು, ಈ ಎರಡೂ ಕಾಯ್ದೆಗಳನ್ನು ಅದರಲ್ಲಿ ಹೆಸರಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಸಲ್ಲಿಸಿ. ಆಸ್ತಿ ಕೈಬದಲಾಗುವ ಮೊದಲೇ ಜಫ್ತಿಯಾಗಬೇಕು. ಆದ್ದರಿಂದ ಇದನ್ನು ಈ ವಾರವೇ ಮಾಡಿ.

ಪ್ರಶ್ನೆ: ಗ್ರಾಹಕ ಸಂರಕ್ಷಣೆ ಕೇಂದ್ರದ ಕಾನೂನಾಗಿರುವಾಗ ರಾಜ್ಯ ಸರ್ಕಾರಕ್ಕೆ ಮಾಡಲು ಏನು ಉಳಿದಿದೆ? ರಾಜ್ಯವೇ ಪ್ರತ್ಯೇಕ ಕಾಯ್ದೆ ಮಾಡಲು ಸಾಧ್ಯವೇ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಸಾಧ್ಯವಿದೆ, ಮಾಡಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಈಗಿನ ಏರ್ಪಾಡನ್ನು ನೋಡೋಣ. ಜಿಲ್ಲಾ ಮತ್ತು ರಾಜ್ಯ ಆಯೋಗಗಳನ್ನು ಸ್ಥಾಪಿಸುವುದು ರಾಜ್ಯ ಸರ್ಕಾರ. ಆದರೆ ಆಯೋಗಗಳು ದೂರು ಬಂದ ಮೇಲೆ ತೀರ್ಪು ಕೊಡುವ ಸಂಸ್ಥೆಗಳೇ ಹೊರತು, ತಾವಾಗಿ ಮಾರುಕಟ್ಟೆಗೆ ಹೋಗಿ ಮೋಸವನ್ನು ಹುಡುಕುವಂಥವಲ್ಲ. ತಾನಾಗಿ ತನಿಖೆ ಮಾಡುವ, ಸುಳ್ಳು ಜಾಹೀರಾತನ್ನು ನಿಲ್ಲಿಸುವ, ಕೆಟ್ಟ ಸರಕನ್ನು ಹಿಂಪಡೆಸಿ ಎಲ್ಲರಿಗೂ ಹಣ ಮರಳಿ ಕೊಡಿಸುವ ಅಧಿಕಾರವನ್ನು 2019ರ ಕಾಯ್ದೆಯು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ, ಅದರ ಕೇಂದ್ರ ಕಚೇರಿ ದೆಹಲಿಯಲ್ಲಿದೆ. ಇಡೀ ದೇಶದ ಜಾಹೀರಾತುಗಳ ಮೇಲೆ ಕಣ್ಣಿಡಬೇಕಾದ ಸಂಸ್ಥೆಗೆ ಹೊಸಪೇಟೆಯ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್ ಕಾಣುವುದು ಕಷ್ಟ. ಕಂಡರೂ ಮೊದಲ ತಪ್ಪಿಗೆ ಅದು ವಿಧಿಸಬಹುದಾದ ದಂಡದ ಮಿತಿ 10 ಲಕ್ಷ ರೂಪಾಯಿ, ಮರುಕಳಿಸಿದರೆ 50 ಲಕ್ಷ. ರಾಷ್ಟ್ರಮಟ್ಟದ ಪತ್ರಿಕೆಗಳ ಮುಖಪುಟವನ್ನು ಒಂದು ದಿನದ ಮಟ್ಟಿಗೆ ಕೊಂಡುಕೊಳ್ಳುವ ಕಂಪನಿಗೆ ಈ ಮೊತ್ತ ವ್ಯಾಪಾರದ ಖರ್ಚಿನಲ್ಲಿ ಒಂದು ಸಾಲಷ್ಟೇ.

ಇನ್ನೊಂದು ಕೊರತೆ ನೇರವಾಗಿ ಸಾಮಾನ್ಯರನ್ನು ತಟ್ಟುತ್ತದೆ. ವಿಪರೀತ ಭದ್ರತಾ ಠೇವಣಿ, ಅಳತೆಮೀರಿದ ದಂಡ, ತನಗಿಷ್ಟ ಬಂದಾಗ ಒಪ್ಪಂದ ಮುರಿಯುವ ಹಕ್ಕು ಇಂಥವನ್ನು ‘ಅನ್ಯಾಯದ ಕರಾರು’ ಎಂದು 2019ರ ಕಾಯ್ದೆ ಮೊದಲ ಬಾರಿಗೆ ಗುರುತಿಸಿತು, ಅದು ಒಳ್ಳೆಯ ಹೆಜ್ಜೆ. ಆದರೆ ಆ ಕಾರಣವನ್ನೇ ಮುಂದಿಟ್ಟು ದೂರು ಕೊಡಬೇಕಾದರೆ ಮೊತ್ತ ಎಷ್ಟೇ ಚಿಕ್ಕದಿರಲಿ ರಾಜ್ಯ ಆಯೋಗಕ್ಕೇ ಹೋಗಬೇಕು. ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ. ಜಿಮ್‌ಗೆ ಕಟ್ಟಿದ ಎಂಟು ಸಾವಿರ ರೂಪಾಯಿಯ ಷರತ್ತನ್ನು ಪ್ರಶ್ನಿಸಲು ಬೀದರಿನ ಯುವಕನೊಬ್ಬ ರಾಜ್ಯ ಆಯೋಗದ ಬಾಗಿಲು ತಟ್ಟುವುದುಂಟೇ? ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ.

ಕರಾರು ಎಂಬ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಅಲ್ಲಿ ರಾಜ್ಯವೂ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾದ ಅಂಶವಿದ್ದರೆ 254ನೇ ವಿಧಿಯ ಎರಡನೇ ಖಂಡದಂತೆ ರಾಷ್ಟ್ರಪತಿಯವರ ಒಪ್ಪಿಗೆ ಬೇಕಾಗುತ್ತದೆ. ರಾಜ್ಯಗಳು ಮುಂದೆ ನಡೆದು ದಾರಿ ತೋರಿಸಿದ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಠೇವಣಿದಾರರ ರಕ್ಷಣೆಗೆ ತಮಿಳುನಾಡು 1997ರಲ್ಲೇ ಕಾಯ್ದೆ ಮಾಡಿತು. ರಾಜ್ಯಕ್ಕೆ ಆ ಅಧಿಕಾರವಿಲ್ಲವೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2011ರಲ್ಲಿ ನ್ಯಾಯಾಲಯ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಸಂಸತ್ತಿನ ಕಾಯ್ದೆ ಬಂದದ್ದು 2019ರಲ್ಲಿ, ಅಂದರೆ ತಮಿಳುನಾಡಿನ ಕಾಯ್ದೆ ಬಂದು 22 ವರ್ಷಗಳ ನಂತರ. ಕಿರುಸಾಲದ ವಸೂಲಿಯಲ್ಲಿ ನಡೆಯುತ್ತಿದ್ದ ಕಿರುಕುಳವನ್ನು ತಡೆಯಲು ಕರ್ನಾಟಕವೂ 2025ರಲ್ಲಿ ತನ್ನದೇ ಕಾನೂನು ತಂದು, ತಪ್ಪಿತಸ್ಥರಿಗೆ 10 ವರ್ಷದವರೆಗಿನ ಶಿಕ್ಷೆಯನ್ನು ಇಟ್ಟಿತು. ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಇವೇ ಸಾಕ್ಷಿ.

ಬೇರೆ ಕಡೆ ಏನಿದೆ ಎಂದೂ ನೀವು ಕೇಳಿದ್ದೀರಿ. ಅಮೆರಿಕದಲ್ಲಿ ಒಕ್ಕೂಟದ ಕಾನೂನಿನ ಜೊತೆಗೆ ಪ್ರತಿ ರಾಜ್ಯಕ್ಕೂ ತನ್ನದೇ ಗ್ರಾಹಕ ಕಾಯ್ದೆಯಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಕಾಯ್ದೆಯಂತೆ ಗ್ರಾಹಕನು ಮೊದಲು ವ್ಯಾಪಾರಿಗೆ 30 ದಿನಗಳ ನೋಟಿಸ್ ಕೊಡುತ್ತಾನೆ. ವ್ಯಾಪಾರಿ ಬೇಕೆಂದೇ ಮೋಸ ಮಾಡಿದ್ದು ಸಾಬೀತಾದರೆ ನ್ಯಾಯಾಲಯ ನಷ್ಟದ ಎರಡರಿಂದ ಮೂರು ಪಟ್ಟು ಪರಿಹಾರವನ್ನೂ ವಕೀಲರ ಶುಲ್ಕವನ್ನೂ ಕೊಡಿಸುತ್ತದೆ. ರಾಜ್ಯದ ಅಟಾರ್ನಿ ಜನರಲ್ ಜನರ ಪರವಾಗಿ ತಾವೇ ದಾವೆ ಹೂಡಬಹುದು. ನಮ್ಮ ಕಾಯ್ದೆಯಲ್ಲೂ ದಂಡನಾರೂಪದ ಪರಿಹಾರ ಕೊಡಿಸುವ ಅಧಿಕಾರ ಆಯೋಗಗಳಿಗಿದೆ, ಆದರೆ ಇಂತಿಷ್ಟು ಪಟ್ಟು ಎಂಬ ಲೆಕ್ಕ ಅದರಲ್ಲಿಲ್ಲ. ಆದೇಶಗಳ ಮೊತ್ತ ನೋಡಿದರೆ ಆ ಅಧಿಕಾರ ಅಂಜಿಕೆಯಿಂದ ಬಳಕೆಯಾಗುತ್ತಿದೆ ಎನಿಸುತ್ತದೆ.

ಹೊಸ ಕಾಯ್ದೆ ಬರುವವರೆಗೂ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ. 35ನೇ ಕಲಂನಂತೆ ಅದು ಇಂದೇ ದೂರುದಾರನಾಗಬಹುದು. ನಷ್ಟ ಹೊಂದಿದವರು ಅಸಂಖ್ಯರಾಗಿದ್ದು ಅವರನ್ನು ಗುರುತಿಸುವುದು ಕಷ್ಟವಾದರೆ, ಮಾರಾಟದ ಮೌಲ್ಯದ ಕನಿಷ್ಠ ಶೇಕಡಾ 25ರಷ್ಟನ್ನು ಕಟ್ಟಿಸುವ ಅಧಿಕಾರವೂ ಆಯೋಗಕ್ಕಿದೆ. 2015ರಲ್ಲಿ ನೂಡಲ್ಸ್ ತಯಾರಕ ಸಂಸ್ಥೆಯೊಂದರ ವಿರುದ್ಧ ಕೇಂದ್ರ ಸರ್ಕಾರ ಹಳೆಯ ಕಾಯ್ದೆಯಡಿ 640 ಕೋಟಿ ರೂಪಾಯಿಯ ದೂರು ಹೂಡಿತ್ತು. ರಾಷ್ಟ್ರೀಯ ಆಯೋಗ 2024ರ ಏಪ್ರಿಲ್‌ನಲ್ಲಿ ಅದನ್ನು ವಜಾ ಮಾಡಿತು. ಒಂದು ದೂರು ಬಿದ್ದುಹೋಯಿತೆಂದು ಆ ಬಾಗಿಲನ್ನೇ ಮುಚ್ಚಿಕೊಳ್ಳುವುದು ಸರಿಯಲ್ಲ. ಕಳಪೆ ಬೀಜದ ಲಾಟಿನಂತೆ ಸಾಕ್ಷ್ಯ ಇಲಾಖೆಯ ಕೈಯಲ್ಲೇ ಇರುವ ಪ್ರಕರಣಗಳಿಂದ ರಾಜ್ಯ ಆರಂಭಿಸಬಹುದು. ಆಯೋಗಗಳ ಖಾಲಿ ಹುದ್ದೆಗಳನ್ನು ತುಂಬುವುದು ಅದಕ್ಕೂ ಮೊದಲ ಕರ್ತವ್ಯ. ರಾಜ್ಯಗಳ ವಿಳಂಬ ಕಂಡು 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ದೂರುಗಳು 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಿದ್ದರೆ 5 ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಬಯಸುತ್ತದೆ. ಸದಸ್ಯರಿಲ್ಲದ ಪೀಠದಿಂದ ಅದನ್ನು ನಿರೀಕ್ಷಿಸಲಾಗದು.

ಪ್ರಶ್ನೆ: ನಾನು ಕಿರಾಣಿ ಮತ್ತು ಪಾತ್ರೆ ವ್ಯಾಪಾರಿ. ಹೊಸ ಕಾನೂನು ಎಂದರೆ ನಮಗೆ ಹೊಸ ಇನ್‌ಸ್ಪೆಕ್ಟರ್ ಎಂದರ್ಥ. ನೀವು ವ್ಯಾಪಾರಿಗಳ ಕಷ್ಟವನ್ನು ಯೋಚಿಸಿದ್ದೀರಾ? (ದಾವಣಗೆರೆ)

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿದೆ, ಅದನ್ನು ಗೌರವಿಸುತ್ತೇನೆ. ಆದರೆ ತೂಕ ಸರಿಯಾಗಿ ಹಾಕುವ, ಬಿಲ್ ಕೊಡುವ, ಹೇಳಿದ ಬೆಲೆಗೇ ಮಾರುವ ನಿಮ್ಮಂಥವರ ಗಿರಾಕಿಯನ್ನು ಕಸಿದುಕೊಳ್ಳುತ್ತಿರುವವರು ಯಾರೆಂದು ಯೋಚಿಸಿ. ಅರ್ಧ ಬೆಲೆ ಎಂದು ಕೂಗಿ, ಮೊದಲೇ ಬೆಲೆ ಏರಿಸಿಟ್ಟು ರಿಯಾಯಿತಿ ತೋರಿಸುವವರೇ ಅಲ್ಲವೇ? ಹೊಸ ಕಾಯ್ದೆಯ ಗುರಿ ಹಲವು ಗ್ರಾಹಕರನ್ನು ಒಟ್ಟಾಗಿ ವಂಚಿಸುವ ಪದ್ಧತಿಗಳಾಗಿರಬೇಕು, ಒಂದು ಬಿಲ್ಲಿನ ಕೈತಪ್ಪಲ್ಲ. ಆದೇಶಕ್ಕೆ ಮುನ್ನ ವ್ಯಾಪಾರಿಯ ಅಹವಾಲು ಕೇಳುವುದು, ಕಾರಣಸಹಿತ ಆದೇಶ, ಮೇಲ್ಮನವಿಯ ಹಕ್ಕು ಇವನ್ನೆಲ್ಲ ಕಾಯ್ದೆಯಲ್ಲೇ ಬರೆದಿರಬೇಕು. ವರ್ತಕರ ಸಂಘಗಳು ಕರಡಿನ ಹಂತದಲ್ಲೇ ಮೇಜಿನ ಮುಂದೆ ಕೂತು ಇದನ್ನು ಕೇಳಿ ಪಡೆಯಬೇಕು.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಸದಸ್ಯೆಯರಿಗೆ ಮನೆಗೇ ಬಂದು ನೀರು ಶುದ್ಧೀಕರಣದ ಯಂತ್ರ ಮಾರಿದರು. ಮಂಡಿನೋವು, ಸಕ್ಕರೆ ಕಾಯಿಲೆ ಗುಣವಾಗುತ್ತವೆ ಎಂದು ಕರಪತ್ರ ಕೊಟ್ಟಿದ್ದರು. ಹೊಸ ಕಾನೂನು ಬರುವವರೆಗೆ ನಾವು ಏನು ಮಾಡಬೇಕು? (ಚಾಮರಾಜನಗರ)

ಉತ್ತರ: ಕರಪತ್ರ ನಿಮ್ಮ ಬಳಿ ಇರುವುದು ದೊಡ್ಡ ಬಲ. 2019ರ ಕಾಯ್ದೆಯ 17ನೇ ಕಲಂ ಪ್ರಕಾರ, ಗ್ರಾಹಕರ ಸಮೂಹಕ್ಕೆ ಆಗಿರುವ ಮೋಸದ ಬಗ್ಗೆ ಜಿಲ್ಲಾಧಿಕಾರಿಗೇ ದೂರು ಕೊಡಬಹುದು. ಅವರು ತನಿಖೆ ನಡೆಸಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಸಲ್ಲಿಸಬಹುದೆಂದು 16ನೇ ಕಲಂ ಹೇಳುತ್ತದೆ. ಈ ಎರಡು ಕಲಂಗಳ ಪರಿಚಯ ಜನರಿಗೆ ಅಷ್ಟಾಗಿ ಇಲ್ಲ, ಆದ್ದರಿಂದ ಅರ್ಜಿಯ ಮೊದಲ ಸಾಲಿನಲ್ಲೇ ಅವುಗಳ ಸಂಖ್ಯೆ ಬರೆಯಿರಿ. ಯಾರ ಮನೆಗೆ ಯಾವ ದಿನ ಬಂದರು, ಎಷ್ಟು ಹಣ ಪಡೆದರು, ಫೋನ್‌ಪೇ ಮೂಲಕವೋ ನಗದೋ, ರಸೀದಿ ಕೊಟ್ಟರೋ ಇಲ್ಲವೋ ಎಂಬುದನ್ನು ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ, ಪ್ರತಿಯೊಬ್ಬರೂ ಸಹಿ ಹಾಕಿ, ಕರಪತ್ರದ ನಕಲನ್ನು ಲಗತ್ತಿಸಿ. ‘ಸಮೂಹ’ ಎಂಬುದು ಅಲ್ಲಿ ಮುಖ್ಯವಾದ್ದರಿಂದ ಪಕ್ಕದ ಊರಿನವರೂ ಕೊಂಡಿದ್ದರೆ ಅವರನ್ನೂ ಸೇರಿಸಿಕೊಳ್ಳಿ.

ಇದರಿಂದ ನಿಮ್ಮ ಹಣ ತಾನಾಗಿ ಮರಳುತ್ತದೆಂದು ಕಾಯಬೇಡಿ. ಜೊತೆಜೊತೆಗೇ ಜಿಲ್ಲಾ ಆಯೋಗದಲ್ಲಿ 35ನೇ ಕಲಂ ಅಡಿಯಲ್ಲಿ ಎಲ್ಲರ ಪರವಾಗಿ ಒಂದೇ ದೂರು ಸಲ್ಲಿಸಿ. ಕಂಪನಿಯ ವಿಳಾಸ ಬೇರೆ ರಾಜ್ಯದ್ದಾಗಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕು ನಿಮಗಿದೆ. ಮೋಸ ನಡೆದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು. ಪತ್ರದಲ್ಲಿ ನೀವು ತಿಳಿಸಿರುವ ತಾರೀಖನ್ನು ನೋಡಿದರೆ ನಿಮಗೆ ಇನ್ನು ಕೆಲವೇ ತಿಂಗಳುಗಳು ಉಳಿದಿವೆ.